16 ಗಂಟೆಯ ಏಕಾದಶಿ

ದಿನಕ್ಕೆ 16 ಗಂಟೆ ಉಪವಾಸ, ಉಳಿದ 8 ಗಂಟೆಯಲ್ಲಿ ಊಟ. ಕೇಳಲು ಸುಲಭ; ಪಕ್ಕದ ಮನೆಯ ಕಾವಲಿಯ ಮೇಲೆ ದೋಸೆ ಚೊರ್ ಎಂದಾಗ ಕಷ್ಟ ಗೊತ್ತಾಗುತ್ತದೆ. ಹಾಲು, ಸಕ್ಕರೆ ಇಲ್ಲದ ಡಿಕಾಕ್ಷನ್ ಕುಡಿಯಬಹುದಂತೆ. ಕುಡಿದೆ. ನನ್ನ ಮುಖ ನೋಡಿ ಹೆಂಡತಿ, "ಊರಿಂದ ಏನಾದರೂ ಕೆಟ್ಟ ಸುದ್ದಿ ಬಂತಾ?" ಎಂದಳು. ಹನ್ನೆರಡಕ್ಕೆ ಮುಂಚೆಯೇ ತಟ್ಟೆ ಇಟ್ಟುಕೊಂಡು ಗಡಿಯಾರ ನೋಡುತ್ತಾ ಕೂತರೆ ಅಮ್ಮನ ಟೀಕೆ: "ದ್ವಾದಶಿ ಪಾರಣೆಗೂ ಇಷ್ಟು ಆತುರ ಕಂಡಿಲ್ಲಪ್ಪ!" ಆಮೇಲೆ ಬಾಯಿಗೆ ಬಿಡುವಿಲ್ಲ. ಬಿಸಿಬೇಳೆಬಾತ್, ಚಕ್ಕುಲಿ, ಎಂಟಕ್ಕೆ ಐದು ನಿಮಿಷವಿರುವಾಗ ಸಿಪ್ಪೆ ಸಮೇತ ನುಂಗುವಷ್ಟು ಅವಸರದ ಬಾಳೆಹಣ್ಣು.

ಇಂಥ ಉಪವಾಸದ ಬಗ್ಗೆ ಚೀನಾದಲ್ಲಿ 139 ಸ್ಥೂಲಕಾಯರನ್ನು ಒಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಡಿಯಾರ ನೋಡಿ ಉಂಡವರು, ನೋಡದೆ ಉಂಡವರು ಎಂಬ ಎರಡೂ ಗುಂಪು ಕ್ಯಾಲೊರಿ ಕಡಿಮೆ ಮಾಡಿ ತೂಕ ಇಳಿಸಿಕೊಂಡವು. ಗಡಿಯಾರ ಹಿಡಿದು ಉಂಡವರಿಗೆ ಹೇಳಿಕೊಳ್ಳುವಂಥ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ಇದನ್ನು ಹೆಂಡತಿ ಓದಿ ಹೇಳುವಾಗ ನನ್ನ ಬಾಯಿ ತುಂಬ ಚಕ್ಕುಲಿ, ವಾದ ಮಾಡಲಾಗಲಿಲ್ಲ.