ಪಾಟರ್ ಸಾಹೇಬರ ಮೂರು ಕ್ರಿಸ್‌ಮಸ್

ಟೀವಿಯಲ್ಲಿ ಯುದ್ಧ ನಡೆಯುವಾಗ ನನ್ನ ಪಕ್ಕ ಕೂರಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಗುಂಡಿನ ಸದ್ದಿಗೆ ಹೆದರಿ ಅಲ್ಲ, ನನ್ನ ಬಾಯಿಗೆ ಹೆದರಿ. ಸುಬೇದಾರ ಕೊನೆಯ ಸೆಲ್ಯೂಟ್ ಹೊಡೆದು ಕಣ್ಣುಮುಚ್ಚುತ್ತಿದ್ದರೆ ನಾನು, “ಭೂಸೇನೆಯವನು ಅಂಗೈ ಮುಂದಕ್ಕೆ ತೋರಿಸಬೇಕು, ಇವನು ನೌಕಾಪಡೆಯವನ ಹಾಗೆ ಕೆಳಕ್ಕೆ ಮಾಡಿದಾನೆ” ಎನ್ನುತ್ತೇನೆ. “ಸಾಯೋವಾಗಲಾದ್ರೂ ಅವನನ್ನ ಬಿಡ್ರೀ” ಎಂದು ಹೆಂಡತಿ ಎದ್ದು ಹೋಗುತ್ತಾಳೆ. ವಾಯುಪಡೆಯವರ ಅಂಗೈ 2006ರಿಂದ 45 ಡಿಗ್ರಿ ಓರೆಯಾಗಿದೆ ಎಂಬ ನನ್ನ ಉಪನ್ಯಾಸದ ಉಳಿದರ್ಧ ಸೋಫಾದ ಪಾಲಾಗುತ್ತದೆ.

ಈ ಚಟಕ್ಕೆ ಹಬ್ಬದೂಟ ಬಡಿಸಿದ್ದು ಅಮೆರಿಕದ ‘ಮ್ಯಾಶ್’. ಕೊರಿಯಾ ಯುದ್ಧಕಾಲದ ಸಂಚಾರಿ ಸೇನಾ ಆಸ್ಪತ್ರೆಯೊಂದರ ನಗೆ ಧಾರಾವಾಹಿ. ಅಸಲಿ ಯುದ್ಧ 1950ರ ಜೂನ್ 25ಕ್ಕೆ ಶುರುವಾಗಿ 1953ರ ಜುಲೈ 27ಕ್ಕೆ ಕದನವಿರಾಮದಲ್ಲಿ ನಿಂತಿತು. ಧಾರಾವಾಹಿ ಮಾತ್ರ 1972ರಿಂದ 1983ರವರೆಗೆ ಎಳೆಯಿತು. ಜನ ನೋಡುವ ತನಕ ಕದನವಿರಾಮ ಎಲ್ಲಿಯದು? ಮೂರು ವರ್ಷದ ಯುದ್ಧದಲ್ಲಿ ಡಾಕ್ಟರ್ ಹಾಕೈ ಅವರ ತಲೆ ನರೆತಿದ್ದೂ ನರೆತಿದ್ದೇ.

ನನಗೆ ಅಚ್ಚುಮೆಚ್ಚಿನವರು ಕರ್ನಲ್ ಪಾಟರ್. ಶಿಬಿರಕ್ಕೆ ಅವರು ಬಂದಿಳಿದದ್ದು 1952ರ ಸೆಪ್ಟೆಂಬರ್ 19ರಂದು; ಧಾರಾವಾಹಿಯೇ ತಾರೀಖು ಹೇಳುತ್ತದೆ. ಮುಂದೊಂದು ಕಂತಿನಲ್ಲಿ ನೋಡಿದರೆ, 1950ರ ಡಿಸೆಂಬರ್ 31ರ ರಾತ್ರಿ ಇದೇ ಪಾಟರ್ ಇದೇ ಶಿಬಿರದಲ್ಲಿ ಹೊಸವರ್ಷ ಸ್ವಾಗತಿಸುತ್ತಿದ್ದಾರೆ! ಅವರ ಲೆಕ್ಕಕ್ಕೆ ಯುದ್ಧದಲ್ಲಿ ಸಿಗಬೇಕಾದದ್ದು ಒಂದೇ ಕ್ರಿಸ್‌ಮಸ್. ಉಂಡದ್ದು ಮೂರು. ಇನ್ನೂ ಸ್ವಾರಸ್ಯವೆಂದರೆ, ಆ ಪಾತ್ರದ ನಟ ಹ್ಯಾರಿ ಮಾರ್ಗನ್ ಅದಕ್ಕೂ ಮೊದಲು ಇದೇ ಶಿಬಿರಕ್ಕೆ ತಲೆಕೆಟ್ಟ ಜನರಲ್ ಆಗಿ ಬಂದು ಹೋಗಿದ್ದರು. ಮರಳಿ ಬಂದಾಗ ‘ಎಲ್ಲೋ ನೋಡಿದ ಹಾಗಿದೆಯಲ್ಲ ಸ್ವಾಮಿ’ ಎಂದು ಒಬ್ಬ ನರ್ಸೂ ಕೇಳಲಿಲ್ಲ.

ಹಾಕೈಗೆ ಮೊದಮೊದಲು ಊರಲ್ಲಿ ತಾಯಿ ಇದ್ದಳು, ತಂಗಿಯೂ ಇದ್ದಳು. ಕೆಲವು ವರ್ಷ ಕಳೆಯುವಷ್ಟರಲ್ಲಿ ತಾಯಿ ಅವನ ಬಾಲ್ಯದಲ್ಲೇ ತೀರಿಕೊಂಡಿದ್ದಳು, ಅವನು ಒಬ್ಬನೇ ಮಗನಾಗಿದ್ದ. ಊರೂ ವರ್ಮಾಂಟ್ ಬಿಟ್ಟು ಮೇನ್ ರಾಜ್ಯಕ್ಕೆ ಹೋಗಿತ್ತು. ಪಾದ್ರಿ ಮುಲ್‌ಕಾಹಿಯವರ ಹೆಸರೋ, ಒಮ್ಮೆ ಜಾನ್‌ನಿಂದ ಶುರು, ಇನ್ನೊಮ್ಮೆ ಫ್ರಾನ್ಸಿಸ್‌ನಿಂದ. ಇವನ್ನೆಲ್ಲ ನಾನು ಮಾಫಿ ಮಾಡಿದ್ದೇನೆ. ಹನ್ನೊಂದು ವರ್ಷ ಕಥೆ ಹೊಸೆಯುವವರಿಗೆ ಒಬ್ಬ ತಂಗಿ ಮರೆತುಹೋಗುವುದು ಸಹಜ. ಆದರೆ ರೇಡಾರ್ ಎಂಬ ಗುಮಾಸ್ತೆ ಹುಡುಗ ಅವೆಂಜರ್ಸ್ ಕಾಮಿಕ್ಸ್ ಓದುತ್ತಾನಲ್ಲ, ಅದಕ್ಕೆ ಕ್ಷಮೆಯಿಲ್ಲ. ಅವೆಂಜರ್ಸ್ ಹುಟ್ಟಿದ್ದೇ 1963ರಲ್ಲಿ! ಕಥೆಗಾರನ ಮರೆವು ಬೇರೆ, ಸಾಮಾನು ಹೊಂದಿಸುವವನ ಸೋಮಾರಿತನ ಬೇರೆ.

ಕೊರಿಯಾದ ಗುಡ್ಡಗಳೂ ಕ್ಯಾಲಿಫೋರ್ನಿಯಾದವೇ. 1982ರಲ್ಲಿ ಕಾಡ್ಗಿಚ್ಚು ಬಂದು ಅಲ್ಲಿಯ ಸೆಟ್ ಸುಟ್ಟಾಗ, ಬೆಂಕಿಯನ್ನೇ ಕೊನೆಯ ಕಂತಿನ ಕಥೆಗೆ ಸೇರಿಸಿಕೊಂಡರು. ಇಂಥ ಜಾಣರಿಗೆ ನಾನೂ ಸೆಲ್ಯೂಟ್ ಹೊಡೆಯುತ್ತೇನೆ, ಅಂಗೈ ಸರಿಯಾಗಿಟ್ಟು.

ಆದರೂ ತೆರೆಯ ಮೇಲಿರುವುದನ್ನು ಹಿಡಿಯುವುದು ಸುಲಭ, ಇಲ್ಲದ್ದನ್ನು ಹಿಡಿಯುವುದು ಕಷ್ಟ. ನಾನು ನೋಡಿದ ಕಂತುಗಳಲ್ಲಿ ಭಾರತದ ಡಾಕ್ಟರೊಬ್ಬರೂ ಸುಳಿಯಲಿಲ್ಲ. ನಮ್ಮ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಲೆಫ್ಟಿನೆಂಟ್ ಕರ್ನಲ್ ರಂಗರಾಜ್ ಅವರ ಮುಂದಾಳತ್ವದಲ್ಲಿ 1950ರಲ್ಲೇ ಕೊರಿಯಾದಲ್ಲಿತ್ತು. ಪ್ಯೋಂಗ್ಯಾಂಗ್‌ನಿಂದ ಹಿಂದೆ ಸರಿಯುವಾಗ ಔಷಧಿ, ಉಪಕರಣ ಬಿಟ್ಟುಬರಲು ಮನಸ್ಸೊಪ್ಪದೆ, ಹಳೆಯ ರೈಲು ಇಂಜಿನ್ನೊಂದನ್ನು ಹುಡುಕಿ ತಾವೇ ಓಡಿಸಿಕೊಂಡು ಬಂದರು. ಮ್ಯಾಶ್‌ನವರು ಕೈಯಾರೆ ಕಳೆದುಕೊಂಡ ಕಂತು ಅದು. ಕದನವಿರಾಮದ ಬಳಿಕ ಯುದ್ಧಕೈದಿಗಳ ವಾಪಸಾತಿ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ.