ಮೂಲಪುರುಷನ ಬೆನ್ನುಹತ್ತಿದ ಮೇಷ್ಟ್ರು

ನಿವೃತ್ತಿಯಾದ ಮೇಲೆ ಕೆಲವರು ವಾಕಿಂಗ್ ಹಿಡಿಯುತ್ತಾರೆ, ಕೆಲವರು ಯೋಗ. ತುಮಕೂರು ಸೀಮೆಯ ನಮ್ಮ ಮೇಷ್ಟ್ರು ಹಿಡಿದದ್ದು ವಂಶವೃಕ್ಷ. ಪ್ರತಿ ಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬೆಳಿಗ್ಗೆ ಐದೂವರೆಗೆ ಫೋನ್ ಬಡಿದುಕೊಂಡರೆ ಯಾರೋ ಹೋದರೆಂದು ಗಾಬರಿಯಿಂದ ಎತ್ತುತ್ತೀರಿ. ನಿಜ, ಹೋಗಿದ್ದಾರೆ, ಆದರೆ ತೊಂಬತ್ತು ವರ್ಷದ ಹಿಂದೆ. "ನಿಮ್ಮ ಮುತ್ತಜ್ಜಿಯ ತವರು ಕುಣಿಗಲ್ಲೋ, ಗುಬ್ಬಿಯೋ?"

ಮದುವೆಮನೆಯಲ್ಲೂ ಬಿಡುವುದಿಲ್ಲ. ಎಲೆಗೆ ಹೋಳಿಗೆ ಬಿದ್ದು, ತುಪ್ಪ ಬರಲೆಂದು ನೀವು ಕಾಯುತ್ತಿರುವಾಗ ಪಕ್ಕದಲ್ಲಿ ಬಂದು ಕೂರುತ್ತಾರೆ. ಜೋಳಿಗೆಯಿಂದ ಹಾಳೆಯೊಂದು ಹೊರಬರುತ್ತದೆ: ಹಳೆಯ ಕ್ಯಾಲೆಂಡರುಗಳನ್ನು ಅಂಟಿಸಿದ ಚಾಪೆಯಗಲದ ಕಾಗದ, ಬೆನ್ನ ತುಂಬ ಚೌಕಗಳು. ಖಚಿತವಾದವರು ಶಾಯಿಯಲ್ಲಿ, ಅನುಮಾನದವರು ಪೆನ್ಸಿಲಿನಲ್ಲಿ. ಬದುಕಿದ್ದು, ಎದುರಿಗೇ ಕೂತು ಹೋಳಿಗೆ ತಿನ್ನುತ್ತಿರುವ ನೀವೂ ಪೆನ್ಸಿಲಿನಲ್ಲೇ.

ಆ ಹಾಳೆಯ ಪ್ರಕಾರ ವಂಶದಲ್ಲಿ ಹದಿನಾಲ್ಕು ಮಂದಿ ಹುಟ್ಟಿದ್ದು ಜೂನ್ 1ರಂದು. ಅವರಿಗೆ ಆ ಜನ್ಮದಿನ ಕರುಣಿಸಿದ್ದು ಹೆತ್ತವರಲ್ಲ, ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಹೆಡ್‌ಮಾಸ್ಟರು. ಮೇಷ್ಟ್ರಿಗೆ ಈ ಗುಟ್ಟು ಗೊತ್ತು; ತಮ್ಮ ಸರ್ವಿಸಿನಲ್ಲಿ ಅವರೇ ಅಂಥ ಎಷ್ಟೋ ಮಕ್ಕಳನ್ನು ಹುಟ್ಟಿಸಿದ್ದಾರೆ.

ಶೋಧನೆ ಶುರುವಾದದ್ದು ನಾಡಕಚೇರಿಯಿಂದ. ಅಲ್ಲಿಯೂ ವಂಶವೃಕ್ಷದ ಪತ್ರ ಕೊಡುತ್ತಾರೆ. ಆದರೆ ಅದು ಪೌತಿ ಖಾತೆಗೆ, ಪಾಲು ಹಂಚಿಕೆಗೆ ಬೇಕಾದಷ್ಟೇ ಎತ್ತರ ಬೆಳೆಸಿದ ಮರ. "ಯಾವ ಸರ್ವೆ ನಂಬರ್ ಸ್ವಾಮಿ?" ಎಂದರು ಗುಮಾಸ್ತರು. "ನನಗೆ ಜಮೀನಿನ ಆಸೆಯಿಲ್ಲ" ಎಂದರು ಮೇಷ್ಟ್ರು. ಗುಮಾಸ್ತರಿಗೆ ಅನುಮಾನ ಬಂದದ್ದೇ ಆಗ.

ಹಳೆಯ ಕೈಬರಹದ ಪಹಣಿಗಳಲ್ಲಿ ಕಂಡದ್ದು ರಂಗಪ್ಪ ಬಿನ್ ತಿಮ್ಮಪ್ಪ, ಅವನ ಮೇಲೆ ತಿಮ್ಮಪ್ಪ ಬಿನ್ ರಂಗಪ್ಪ, ಅವನ ಮೇಲೆ ಮತ್ತೆ ರಂಗಪ್ಪ. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿಯಿಂದಾಗಿ ವಂಶ ಮೇಲಕ್ಕೇರದೆ ಗಾಣದೆತ್ತಿನಂತೆ ಸುತ್ತುತ್ತಿತ್ತು. ಹೆಂಗಸರು "ಕೋಂ" ಆಗಿ ಅಲ್ಲೊಬ್ಬರು ಇಲ್ಲೊಬ್ಬರು. ಹೆಸರಿನಲ್ಲಿ ಹೊಲವಿಲ್ಲದವಳು ಪಹಣಿಯಲ್ಲಿ ಹುಟ್ಟಿಯೇ ಇಲ್ಲ.

ಇನ್ನು ಉಳಿದದ್ದು ಶಾಸನ. ಬಿ.ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ'ದ 12ನೇ ಸಂಪುಟ ತುಮಕೂರು ಜಿಲ್ಲೆಯದು. ಅದರಲ್ಲಿ ತುರುಗಾಳಗದಲ್ಲಿ ಬಿದ್ದ ವೀರನೊಬ್ಬ ಸಿಕ್ಕಿಬಿಟ್ಟರೆ ಮೂಲಪುರುಷನ ಚೌಕಕ್ಕೆ ಕೂರಿಸುವುದು ಮೇಷ್ಟ್ರ ಹಂಚಿಕೆ. ಗ್ರಂಥಾಲಯದಲ್ಲಿ ಮೂರು ವಾರ ಕೂತರು. ಬೇಕಾದಷ್ಟು ವೀರರು ಸಿಕ್ಕರು. ಒಬ್ಬನೂ ನೆಂಟನಾಗಲು ಒಪ್ಪಲಿಲ್ಲ.

ಹಿಂದಾದರೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಹೆಳವರು ಬರುತ್ತಿದ್ದರು. ಕೇಳಿದ ಕೂಡಲೇ ಮನೆತನದ ತಲೆಮಾರುಗಳನ್ನು ಒಪ್ಪಿಸಿ, ಕೊಟ್ಟ ಕಾಳುಕಡಿ ಕಟ್ಟಿಕೊಂಡು ಹೋಗುತ್ತಿದ್ದರು. "ಒಮ್ಮೆ ಬಂದಿದ್ದರಂತೆ, ರಾಗಿ ಜಾಸ್ತಿ ಕೇಳಿದರೆಂದು ನಮ್ಮ ತಾತ ಜಗಳ ತೆಗೆದರಂತೆ," ಎಂದು ಮೇಷ್ಟ್ರು ಇವತ್ತಿಗೂ ಹಲ್ಲು ಕಡಿಯುತ್ತಾರೆ.

ಇಷ್ಟೆಲ್ಲ ನಡೆಯುವಾಗ ತೊಂಬತ್ತು ದಾಟಿದ ಸೋದರತ್ತೆ ಅದೇ ಮನೆಯ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೊನೆಗೊಂದು ದಿನ ಅವರೇ ಕೇಳಿದರು: "ಏನ್ಲಾ ಅದು, ಚಾಪೆ ಮೇಲೆ ಬರೀತಾ ಕೂತೀಯ?"

ಮೇಷ್ಟ್ರು ವಿವರಿಸಿದರು.

"ಮೂಲಪುರುಷ ಎಲ್ಲಿಂದ ಬಂದಾನ್ಲಾ? ಧಾತು ಬರದಾಗೆ ಅವನು ಹೊಟ್ಟೆಗಿಲ್ದೆ ಸತ್ತ. ನಿಮ್ ಮುತ್ತಜ್ಜಿ ಕೂಸನ್ನ ಕಂಕುಳಲ್ಲಿ ಕಟ್ಕೊಂಡು ತವರಿಗೆ ನಡ್ಕೊಂಡು ಬಂದ್ಳು. ಇದು ಅವಳ ತವರೂರು ಕಣೋ, ನಿಮ್ದಲ್ಲ."

ಧಾತು ಬರವೆಂದರೆ ಮೈಸೂರು ಸೀಮೆಯನ್ನು ಬಡಿದ 1876–78ರ ಕ್ಷಾಮ. ಮೇಷ್ಟ್ರ ಕೈಯಲ್ಲಿದ್ದ ರಬ್ಬರು ಬಹಳ ಹೊತ್ತು ಕೆಲಸ ಮಾಡಿತು. ಈಗ ಬುಡದ ಚೌಕದಲ್ಲಿ ಮುತ್ತಜ್ಜಿಯ ಹೆಸರಿದೆ, ಶಾಯಿಯಲ್ಲಿ.

ನಿಮ್ಮ ಮನೆಯಲ್ಲೂ ಎಂಬತ್ತು ದಾಟಿದವರಿದ್ದರೆ ಈ ಭಾನುವಾರವೇ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂರಿ, ಫೋನಿನ ರೆಕಾರ್ಡರ್ ಒತ್ತಿಡಿ. ಮೊದಲು ಅಜ್ಜಿಯಂದಿರ ತವರು ಕೇಳಿ. ಸೋಮವಾರ ಐದೂವರೆಗೆ ಮೇಷ್ಟ್ರ ಫೋನ್ ಬರುತ್ತದೆ.