ಮಲೆನಾಡಿಗೆ ಬೈಕು ಮೆರವಣಿಗೆ

ಮಳೆ ಹಿಂದೆ ಸರಿದ ಅಕ್ಟೋಬರ್-ನವೆಂಬರಿನಲ್ಲಿ ಬೆಂಗಳೂರಿನ ಬೈಕುಗಳಿಗೆಲ್ಲ ಮಲೆನಾಡಿನ ಜ್ವರ ಬರುತ್ತದೆ. ಗುಂಪು ಸವಾರಿಯ ಮೊದಲ ನಿಯಮ: ಬೆಳಗಿನ ಐದಕ್ಕೆ ಸರಿಯಾಗಿ ಹೊರಡುವುದು. ಎರಡನೆಯದು: ಆರೂವರೆಗೆ ಹೊರಡುವುದು. ನೆಲಮಂಗಲ ದಾಟುವಷ್ಟರಲ್ಲಿ ಯಾರಿಗೋ ಇಡ್ಲಿ ನೆನಪಾಗುತ್ತದೆ. ಅಲ್ಲಿಗೆ ಇನ್ನೊಂದು ಗಂಟೆ ಖಲಾಸ್.

ಹೆದ್ದಾರಿ ಬಿಟ್ಟು ಮೂಡಿಗೆರೆ ಸುತ್ತಿನ ಒಳದಾರಿ ಹಿಡಿದರೆ ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಂಪಾಗಲೋ ಬೇಡವೋ ಎಂದು ಯೋಚಿಸುತ್ತಿರುವ ಕಾಫಿ ಹಣ್ಣು. ಇದನ್ನೆಲ್ಲ ನೋಡುವುದು ಹಿಂದೆ ಕೂತವರು ಮಾತ್ರ. ಓಡಿಸುವವನ ಕಣ್ಣಿಗೆ ಬೀಳುವುದು ಮಳೆಗಾಲ ತೋಡಿಟ್ಟ ಗುಂಡಿ.

ಗುಂಪಿನಲ್ಲಿ ಹಳೆಯ ಯೆಜ್ಡಿ ಬೈಕಿನವನೊಬ್ಬ ಇರಲೇಬೇಕು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು; ಈ ಸುದ್ದಿಯನ್ನು ಅವನ ಗಾಡಿಗೆ ಯಾರೂ ಮುಟ್ಟಿಸಿಲ್ಲ. ಗೇರಿನ ಕಡ್ಡಿಯನ್ನೇ ತಿರುಗಿಸಿ ಕಿಕ್ ಹೊಡೆಯುವ ಅವನ ವೈಭವ ನೋಡಲು ಊರ ಹುಡುಗರು ಸೇರುತ್ತಾರೆ. ಅವನ ಹಿಂದೆ ಹೋಗುವವರಿಗೆ ಮಂಜು ಯಾವುದು, ಹೊಗೆ ಯಾವುದು ಎಂಬುದೇ ತಿಳಿಯದು.

ಚಾರ್ಮಾಡಿ ಘಾಟಿ ಇಳಿಯುವ ಮುನ್ನ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದಿದ್ದರೆ ಸವಾರಿ ಊರ್ಜಿತವಲ್ಲ. ಅಲ್ಲೇ ಹಿರಿಯರೊಬ್ಬರು ಲಕ್ಷಗಟ್ಟಲೆ ಬೆಲೆಯ ಬೈಕನ್ನು ಸುತ್ತು ಹಾಕಿ ಕೇಳಿದರು:

“ಎಷ್ಟು ಕೊಡ್ತದೆ ಮಾರಾಯ್ರೆ?”

“ಲೀಟರಿಗೆ ಇಪ್ಪತ್ತೈದು.”

“ಅಯ್ಯೋ! ನನ್ನ ಮೊಪೆಡ್ಡು ಐವತ್ತು ಕೊಡ್ತದೆ. ಮೇಲಿಂದ ಒಂದು ಮೂಟೆ ಗೊಬ್ಬರವೂ ಬರ್ತದೆ.”

ಆಮೇಲೆ ಹೋಟೆಲಿನವರ ಕಡೆ ತಿರುಗಿ, “ಪಾಪ, ಇವರಿಗೆ ಇನ್ನೆರಡು ದೋಸೆ ಹಾಕಿ” ಎಂದರು.